413 ಸೀರೆಗಳ ಅನಂತ

ಇವರಿಗೆ,
ಮಾನ್ಯ ಪ್ರಾಡಕ್ಟ್ ಮ್ಯಾನೇಜರ್ ಅವರು,
ಮೂರನೇ ಮಹಡಿ, ಕಿಟಕಿ ಪಕ್ಕದ ಸೀಟು,
ಬೆಂಗಳೂರು.

ವಿಷಯ: ಸೀರೆ ಅಂಗಡಿಯ ಮೊಬೈಲ್ ಆ್ಯಪ್‌ನ ಗ್ರಿಡ್‌ಗೆ ಕೊನೆಯೇ ಇಲ್ಲದಂತೆ ಮಾಡುವ ಬಗ್ಗೆ.
ಉಲ್ಲೇಖ: ತಾವು ತೆರೆದ ಟಿಕೆಟ್ ಮತ್ತು ಅದರಲ್ಲಿದ್ದ ಒಂದೂವರೆ ಸಾಲು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕೆಲಸ ಆಗಿದೆ. ತಾವು ಕೇಳಿದ ಅನಂತ ಸಿದ್ಧವಾಗಿದ್ದು, ಟೆಸ್ಟ್ ಬಿಲ್ಡ್ ತಮ್ಮ ಫೋನಿಗೆ ಬಂದಿರಬೇಕು. ಇದನ್ನು ಆಫೀಸಿನ ಚಾಟ್‌ನಲ್ಲೇ ಹೇಳಬಹುದಿತ್ತು. ಆದರೆ ಅಲ್ಲಿ ಬೆಳಿಗ್ಗೆ ಬರೆದದ್ದು ಊಟದ ಹೊತ್ತಿಗೆ ಯಾರದೋ ಹುಟ್ಟುಹಬ್ಬದ ಶುಭಾಶಯಗಳಿಂದ ಮೇಲಕ್ಕೆ ತಳ್ಳಿಸಿಕೊಂಡು ಹೋಗಿರುತ್ತದೆ. ಅಷ್ಟು ದೂರ ಬೆರಳಾಡಿಸಿ ಹೋಗಿ ಓದುವ ಪುಣ್ಯಾತ್ಮರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ಈ ಬಹಿರಂಗ ಪತ್ರ.

ತಮ್ಮ ಟಿಕೆಟ್ಟಿನ ಪೂರ್ಣ ಪಾಠ ಇದು: ‘ಗ್ರಿಡ್‌ನಲ್ಲಿ ಇನ್ಫಿನಿಟ್ ಸ್ಕ್ರೋಲ್ ಹಾಕಿ. ಇನ್‌ಸ್ಟಾಗ್ರಾಂ ಥರ.’ ಎಸ್ಟಿಮೇಟ್ ಎಂಬಲ್ಲಿ ತಾವೇ ‘ಸಣ್ಣದು’ ಎಂದು ತುಂಬಿದ್ದಿರಿ. ನನ್ನನ್ನು ಕೇಳುವ ತೊಂದರೆ ತೆಗೆದುಕೊಳ್ಳದ ತಮ್ಮ ಔದಾರ್ಯಕ್ಕೆ ಋಣಿ. ಅಂಗಡಿಯಲ್ಲಿರುವುದು 413 ಸೀರೆ ಎಂಬ ವಿಚಾರವನ್ನು ಸ್ಟ್ಯಾಂಡ್‌ಅಪ್‌ನಲ್ಲಿ ನಾನು ಪ್ರಸ್ತಾಪಿಸಿದಾಗ ತಾವು, ‘ಯೂಸರ್‌ಗೆ ಹಾಗನ್ನಿಸಬಾರದು’ ಎಂದಿರಿ. ಇಳಕಲ್ಲು, ಮೊಳಕಾಲ್ಮೂರು, ಮೈಸೂರು ಕ್ರೇಪು, ಕೊನೆಗೊಂದಿಷ್ಟು ದಿನಬಳಕೆಯ ಕಾಟನ್ನು. ದೀಪಾವಳಿಗೆ ಮೊದಲು ಅಂಗಡಿಯ ಇಬ್ಬರು ಹುಡುಗರು ಒಂದು ಮಧ್ಯಾಹ್ನದಲ್ಲಿ ಎಣಿಸಿ ಮುಗಿಸುವ ಸರಕನ್ನು ಗಿರಾಕಿ ಮಾತ್ರ ಎಂದೂ ಎಣಿಸಲಾಗದಂತೆ ಮಾಡಬೇಕಿತ್ತು. ಮಾಡಿದ್ದೇನೆ. ಹೇಗೆ ಮಾಡಿದೆ ಎಂಬುದನ್ನು ತಾವು ಒಮ್ಮೆಯೂ ಕೇಳದಿದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಮೊದಲು, ಈ ಉಪಾಯಕ್ಕೂ ಒಬ್ಬ ಪಿತಾಮಹರಿದ್ದಾರೆ. 2006ರಲ್ಲಿ ಇದನ್ನು ರೂಪಿಸಿದವರೆಂದು ಹೆಸರಾದವರು ಏಜಾ ರಾಸ್ಕಿನ್. ಆ್ಯಪಲ್‌ನಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ಶುರು ಮಾಡಿದ ಜೆಫ್ ರಾಸ್ಕಿನ್ ಅವರ ಮಗ. ‘ಮುಂದಿನ ಪುಟ’ ಎಂಬ ಬಟನ್ನು ಓದುವವನ ಗಮನವನ್ನು ಸುಮ್ಮನೆ ಕೆಡಿಸುತ್ತದೆ, ಅವನು ಕೇಳುವ ಮೊದಲೇ ಕೊಟ್ಟುಬಿಟ್ಟರೆ ಏನು ಎಂಬ ಸದ್ಭಾವನೆ ಅವರದು. ಆಮೇಲೆ ಅದೇ ಮನುಷ್ಯ ಸಂದರ್ಶನಗಳಲ್ಲಿ ಪಶ್ಚಾತ್ತಾಪ ಹೇಳಿಕೊಂಡರು. ತಂದೆಯೇ ಕೈಬಿಟ್ಟ ಕೂಸನ್ನು ನಾವು ಸೀರೆ ಸುತ್ತಿ ಸಾಕುತ್ತಿದ್ದೇವೆ. ಇದಕ್ಕೆ ದೊಡ್ಡ ಮನಸ್ಸು ಬೇಕು.

ಇನ್ನು ತೆರೆಯ ಹಿಂದಿನ ಕಥೆ. ಫೋನಿನಲ್ಲಿ ಸೀರೆಗಳ ಮೇಲೆ ಸೀರೆಗಳು ಹರಿದು ಬರುವುದನ್ನು ತಾವು ಕಂಡಿದ್ದೀರಿ. ಆದರೆ ಆ ಗ್ರಿಡ್‌ನಲ್ಲಿ ವಾಸ್ತವವಾಗಿ ಇರುವ ಚೌಕಗಳು ಹೆಚ್ಚೆಂದರೆ ಒಂದು ಡಜನ್ನು. ಕಂಪನಿ ನಾಟಕಗಳಲ್ಲಿ ಮಹಾರಾಜನ ಸೈನ್ಯ ಹೊರಡುವ ದೃಶ್ಯ ನೆನಪಿಸಿಕೊಳ್ಳಿ. ಎಂಟೇ ಜನ ಭಟರು; ಎಡಗಡೆಯ ಸೈಡ್‌ವಿಂಗಿನಿಂದ ಬಂದು ಬಲಕ್ಕೆ ಮರೆಯಾಗುತ್ತಾರೆ, ಪರದೆಯ ಹಿಂದೆ ಓಡಿ, ಪೇಟ ಬದಲಿಸಿಕೊಂಡು ಮತ್ತೆ ಎಡದಿಂದ ಬರುತ್ತಾರೆ. ಮುಂದೆ ಕೂತವರಿಗೆ ಅದು ಅಕ್ಷೌಹಿಣಿ. ನಮ್ಮ ಗ್ರಿಡ್ಡೂ ಹಾಗೆಯೇ. ಮೇಲೆ ಮರೆಯಾದ ಚೌಕವನ್ನು ಎಸೆಯುವುದಿಲ್ಲ; ಅದನ್ನೇ ಕೆಳಕ್ಕೆ ತಂದು, ಹಳೆಯ ಸೀರೆಯ ಚಿತ್ರ ಕಿತ್ತು ಹೊಸದನ್ನು ಅಂಟಿಸಿ, ಬೆಲೆ ತಿದ್ದಿ, ಮತ್ತೆ ರಂಗಕ್ಕೆ ಬಿಡುತ್ತೇವೆ. 2008ರಲ್ಲಿ ಆಂಡ್ರಾಯ್ಡ್ ಬಂದಾಗಿನಿಂದ ಅದರ ಗ್ರಿಡ್‌ವ್ಯೂ ಇದನ್ನೇ ಮಾಡುತ್ತಿತ್ತು. 2014ರಲ್ಲಿ ಬಂದ ಅದರ ಉತ್ತರಾಧಿಕಾರಿಗೆ ರೀಸೈಕ್ಲರ್‌ವ್ಯೂ ಎಂದು ಹೆಸರಿಟ್ಟು ಈ ಗುಟ್ಟನ್ನು ಬಾಯಿಬಿಟ್ಟೇ ಹೇಳಿದರು. ಐಫೋನಿನವರೂ ಬೇರೇನೂ ಮಾಡುವುದಿಲ್ಲ. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿದ್ದರಂತೆ, ಅವರಿಗೆ ಮೆಮೊರಿಯ ಚಿಂತೆ ಇರಲಿಲ್ಲ.

ಇಲ್ಲಿ ಒಂದು ಆಪತ್ತಿದೆ. ಓಡೋಡಿ ಬಂದ ಭಟ ಹಿಂದಿನ ಸುತ್ತಿನ ಪೇಟ ಬದಲಿಸುವುದನ್ನೇ ಮರೆತರೆ? ಗಿರಾಕಿ ಬೇಗ ಬೇಗ ಬೆರಳೆಳೆದಾಗ ಆಗುವುದು ಅದೇ. ಚೌಕವೊಂದು 12ನೆಯ ಸೀರೆಯ ಫೋಟೋ ಬೇಕೆಂದು ಸರ್ವರ್‌ಗೆ ಹೇಳಿ ಕಳಿಸಿರುತ್ತದೆ. ಅದು ಬರುವ ಮೊದಲೇ ಆ ಚೌಕ ಮೇಲಕ್ಕೆ ಹೋಗಿ, ಕೆಳಗೆ ಬಂದು, 40ನೆಯ ಸೀರೆಯ ಜಾಗದಲ್ಲಿ ಕೂತಿರುತ್ತದೆ. ಆಗ ತಡವಾಗಿ ಬಂದ 12ರ ಫೋಟೋ 40ರ ಮೇಲೆ ಕೂರುತ್ತದೆ. ಕೆಳಗಿನ ಬೆಲೆ 1,450 ರೂಪಾಯಿ ಎನ್ನುತ್ತದೆ. ಮೇಲೆ ಹೊಳೆಯುತ್ತಿರುವುದು ಹದಿನೆಂಟು ಸಾವಿರದ ಕ್ರೇಪ್. ಒಂದು ಕ್ಷಣದಲ್ಲಿ ಸರಿಯಾದ ಚಿತ್ರ ಬಂದು ತಪ್ಪನ್ನು ಮುಚ್ಚುತ್ತದೆ, ಆದರೆ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದ ಗಿರಾಕಿಯೊಬ್ಬರು ಅಂಗಡಿಗೇ ಬಂದು ಜಗಳವಾಡಿದರೆ ನಾನು ಅವರ ಪಕ್ಷ. ಇದಕ್ಕೆ ಮದ್ದು: ಚೌಕ ಮರೆಯಾದೊಡನೆ ಅದರ ಹಳೆಯ ಕೋರಿಕೆಯನ್ನು ರದ್ದು ಮಾಡಬೇಕು, ಹೊಸ ಸೀರೆ ಬರುವ ತನಕ ಬೂದು ಬಣ್ಣ ಹಚ್ಚಿಡಬೇಕು. ಚಿತ್ರಗಳನ್ನು ತಂದುಕೊಡುವ ಗ್ಲೈಡ್‌ನಂಥ ಲೈಬ್ರರಿಗಳು ಇದನ್ನು ನೋಡಿಕೊಳ್ಳುತ್ತವೆ. ‘ಎಲ್ಲಾ ಲೈಬ್ರರಿಯೇ ಮಾಡುತ್ತಲ್ಲ, ಮತ್ತೆ ನೀವೇನು ಮಾಡ್ತೀರಿ?’ ಎಂದು ತಾವು ಕೇಳುವ ಮೊದಲೇ ಉತ್ತರಿಸುತ್ತೇನೆ: ಯಾವ ಲೈಬ್ರರಿ ಏನನ್ನು ಮಾಡುವುದಿಲ್ಲ ಎಂಬುದನ್ನು ಕಂಡುಹಿಡಿಯುತ್ತೇನೆ.

ಇನ್ನು ಫೋಟೋ. ಅಂಗಡಿಯ ಸಾಹುಕಾರರು ತಮ್ಮದೇ ಫೋನಿನಲ್ಲಿ ತೆಗೆದ 12 ಮೆಗಾಪಿಕ್ಸೆಲ್ ಚಿತ್ರವನ್ನು ನೇರ ಏರಿಸುತ್ತಾರೆ. ಒಂದು ಪಿಕ್ಸೆಲ್‌ಗೆ 4 ಬೈಟಿನಂತೆ ಅಂಥ ಒಂದೇ ಚಿತ್ರ ಬಿಚ್ಚಿಕೊಂಡರೆ 48 ಎಂಬಿ. ನಮ್ಮ ಚೌಕಕ್ಕೆ ಬೇಕಿರುವುದು 540 ಪಿಕ್ಸೆಲ್ ಅಗಲ, ಒಂದೂವರೆ ಎಂಬಿ. ಚೌಕದ ಅಳತೆಗೆ ಕುಗ್ಗಿಸದೆ ಹಾಗೇ ಬಿಚ್ಚಿದ್ದರೆ ಕಡಿಮೆ ಬೆಲೆಯ ಫೋನುಗಳಲ್ಲಿ ನಮ್ಮ ಅನಂತ ಎರಡನೆಯ ಪುಟಕ್ಕೇ ಪ್ರಾಣ ಬಿಡುತ್ತಿತ್ತು.

ಗ್ರಿಡ್ ಎಂಬುದಕ್ಕೆ ತನ್ನದೇ ಆದ ಹಟಗಳಿವೆ. ಒಂದರ ಕೆಳಗೊಂದು ಬರುವ ಪಟ್ಟಿಯಾದರೆ ಕೊನೆಯಲ್ಲಿ ಸುತ್ತುವ ಚಕ್ರವನ್ನಿಟ್ಟು ‘ಬರ್ತಿದೆ ಇರಿ’ ಎನ್ನಬಹುದು. ಗ್ರಿಡ್‌ನಲ್ಲಿ ಆ ಚಕ್ರವೂ ಒಂದು ಸೀರೆಯೆಂದು ಭಾವಿಸಿಕೊಂಡು ಎಡಗಡೆಯ ಕಾಲಂನಲ್ಲಿ ಹೋಗಿ ಕೂರುತ್ತದೆ. ತಾವು ಮೊದಲ ಡೆಮೊದಲ್ಲಿ ‘ಇದೇನ್ರೀ ಮೂಲೆಗೆ ಹೋಗಿದೆ?’ ಎಂದು ನಕ್ಕಿದ್ದು ಅದನ್ನೇ. ಚಕ್ರಕ್ಕೆ ಇಡೀ ಸಾಲನ್ನು ಬಿಟ್ಟುಕೊಡು ಎಂದು ಗ್ರಿಡ್‌ಗೆ ಪ್ರತ್ಯೇಕವಾಗಿ ಹೇಳಬೇಕು. ಹೇಳಿದರೆ ಇನ್ನೊಂದು ತಕರಾರು. ಸರ್ವರ್‌ನಿಂದ ಒಂದು ಪುಟಕ್ಕೆ 20 ಸೀರೆ ಬರುತ್ತವೆ. ಫೋನಿನಲ್ಲಿ ಎರಡು ಕಾಲಂ, ಸರಿಹೋಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಮೂರು ಕಾಲಂ: ಆರು ಸಾಲು ತುಂಬಿ ಏಳನೆಯದರಲ್ಲಿ ಎರಡೇ ಸೀರೆ, ಪಕ್ಕದಲ್ಲೊಂದು ಹಲ್ಲು ಬಿದ್ದ ಜಾಗ, ಅದರ ಕೆಳಗೆ ಚಕ್ರ. ಮುಂದಿನ ಪುಟ ಬಂದೊಡನೆ ಆ ಜಾಗ ತುಂಬಿಕೊಳ್ಳುತ್ತದೆ ನಿಜ, ಆದರೆ ಕಣ್ಣೆದುರೇ ಎಲ್ಲವೂ ಒಮ್ಮೆ ಜಿಗಿಯುತ್ತದೆ. 20ರ ಬದಲು 12 ಅಥವಾ 24 ಕಳಿಸಿ, ಎರಡಕ್ಕೂ ಮೂರಕ್ಕೂ ನಾಲ್ಕಕ್ಕೂ ಭಾಗವಾಗುತ್ತದೆ ಎಂದು ಬ್ಯಾಕೆಂಡ್‌ನವರನ್ನು ಕೇಳಿದೆ. ‘20 ಅನ್ನೋದು ಮೊದಲಿನಿಂದ ಇರೋದು’ ಎಂದರು. ಯಾವುದರ ಮೊದಲಿನಿಂದ ಎಂದು ಯಾರಿಗೂ ಗೊತ್ತಿಲ್ಲ. ಕೊನೆಗೆ ಮೀಟಿಂಗ್ ಮಾಡಿ 24 ಮಾಡಿಸಿದೆವು. ಆ ಮೀಟಿಂಗಿನಲ್ಲಿ ತಾವೂ ಇದ್ದಿರಿ, ಕ್ಯಾಮೆರಾ ಆಫ್ ಇತ್ತು.

ಟ್ಯಾಬ್ಲೆಟ್ಟಿನ ಇನ್ನೊಂದು ಲೀಲೆ ಇದಕ್ಕಿಂತ ಚೆಂದ. ಮುಂದಿನ ಪುಟವನ್ನು ಯಾವಾಗ ತರಿಸಬೇಕು? ಗಿರಾಕಿ ಸ್ಕ್ರೋಲ್ ಮಾಡುತ್ತಾ ತಳದ ಹತ್ತಿರ ಬಂದಾಗ. ಆದರೆ ಪರದೆ ದೊಡ್ಡದಿದ್ದು, ಹುಡುಕಿದ ಬಣ್ಣದ ಮೊದಲ ಕಂತು ಅದನ್ನು ತುಂಬಿಸುವಷ್ಟೂ ಇಲ್ಲದಿದ್ದರೆ ಸ್ಕ್ರೋಲ್ ಮಾಡಲು ಜಾಗವೇ ಇರುವುದಿಲ್ಲ. ಜಾಗವಿಲ್ಲದ್ದರಿಂದ ಯಾರೂ ಸ್ಕ್ರೋಲ್ ಮಾಡುವುದಿಲ್ಲ. ಸ್ಕ್ರೋಲ್ ಆಗದ್ದರಿಂದ ಮುಂದಿನ ಪುಟ ಬರುವುದಿಲ್ಲ. ಪುಟ ಬರದ್ದರಿಂದ ಜಾಗ ತುಂಬುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು. ತಳ ಬಂತೆಂಬ ಸೂಚನೆ ಒಂದೇ ಬಾರಿ ಬರುವುದಿಲ್ಲ, ಬೆರಳು ಅಲುಗಿದಷ್ಟು ಬಾರಿಯೂ ಬರುತ್ತದೆ. ‘ಈಗಾಗಲೇ ಕೇಳಿದ್ದೇನೆ, ಸುಮ್ಮನಿರು’ ಎಂಬ ಒಂದು ಗುರುತು ಇಟ್ಟುಕೊಳ್ಳದಿದ್ದರೆ ಮೂರನೆಯ ಪುಟವನ್ನೇ ಐದು ಬಾರಿ ತರಿಸಿ ಐದು ಬಾರಿ ಅಂಟಿಸುತ್ತದೆ. ಆ ಗುರುತನ್ನಿಟ್ಟರೆ, ನಡುವೆ ನೆಟ್‌ವರ್ಕ್ ಹೋದಾಗ ಅದನ್ನು ತೆಗೆಯುವುದು ಮರೆಯಬಾರದು. ಮರೆತರೆ ಗ್ರಿಡ್ ಎಂದೆಂದಿಗೂ ಸುಮ್ಮನಾಗುತ್ತದೆ. ಬಸ್ಸು ಘಾಟಿಯ ತಿರುವಿನಲ್ಲಿ ಸಿಗ್ನಲ್ ಕಳೆದುಕೊಂಡ ಗಿರಾಕಿ ಬಯಲಿಗೆ ಬಂದಮೇಲೂ ಚಕ್ರವನ್ನೇ ನೋಡುತ್ತಾ ಕೂರಬಾರದೆಂದು ಅಲ್ಲಿ ‘ಮತ್ತೆ ಪ್ರಯತ್ನಿಸಿ’ ಎಂಬ ಬಟನ್ ಇಟ್ಟೆ. ‘ಬಟನ್ ಇದ್ರೆ ಇನ್ಫಿನಿಟ್ ಫೀಲ್ ಹೋಗುತ್ತೆ’ ಎಂಬ ತಮ್ಮ ಟಿಪ್ಪಣಿ ಓದಿದೆ. ಮನನ ಮಾಡುತ್ತಿದ್ದೇನೆ.

ಸೀರೆಗಳು ಎರಡೆರಡು ಬಾರಿ ಕಾಣುತ್ತಿವೆ ಎಂದು ಕ್ಯೂಎ ತಂಡ ಬಗ್ ಹಾಕಿದಾಗ ಎಲ್ಲರೂ ನನ್ನ ಕಡೆ ನೋಡಿದಿರಿ. ಅದು ಅನಂತದ ಲೆಕ್ಕಾಚಾರದ ದೋಷ. ನಾವು ಸರ್ವರ್‌ಗೆ ಕೇಳುತ್ತಿದ್ದದ್ದು ‘ಮೊದಲ 24 ಬಿಟ್ಟು ಮುಂದಿನ 24 ಕೊಡು’ ಎಂದು. ಗಿರಾಕಿ ಮೊದಲ ಪುಟ ನೋಡುತ್ತಿರುವಾಗಲೇ ಸಾಹುಕಾರರು ಮೂರು ಹೊಸ ಸೀರೆ ಏರಿಸಿದರೆ, ಅವು ಎಲ್ಲಕ್ಕಿಂತ ಮೇಲೆ ಬರುತ್ತವೆ. ಹಳೆಯವು ಮೂರು ಮೂರು ಸ್ಥಾನ ಕೆಳಕ್ಕೆ ಜಾರುತ್ತವೆ. ಆಗ ಎರಡನೆಯ ಪುಟದ ಮೊದಲ ಮೂರು ಸೀರೆಗಳು ಆಗಲೇ ನೋಡಿದವೇ. ಇದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಬಗ್ ಆಯಿತು. ಇದರ ಉಲ್ಟಾ ಇನ್ನೂ ಕೆಟ್ಟದ್ದು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲಿನ ಮೂರು ಸೀರೆ ಅಂಗಡಿಯಲ್ಲಿ ಮಾರಾಟವಾಗಿ ಪಟ್ಟಿಯಿಂದ ಹೋದರೆ, ಕೆಳಗಿನವು ಮೂರು ಸ್ಥಾನ ಮೇಲಕ್ಕೆ ಬರುತ್ತವೆ. ‘ಮೊದಲ 24 ಬಿಟ್ಟು’ ಎಂದಾಗ, ಹಾಗೆ ಮೊದಲ ಪುಟಕ್ಕೆ ಏರಿದ ಮೂರು ಸೀರೆಗಳೂ ಬಿಟ್ಟುಹೋಗುತ್ತವೆ. ಆ ಗಿರಾಕಿ ಎಷ್ಟೇ ಕೆಳಗಿಳಿದರೂ ಅವು ಸಿಗುವುದಿಲ್ಲ. ಇಳಕಲ್ಲಿನಲ್ಲಿ ಒಬ್ಬರು ಮೈಯ ಹಾಸಿಗೂ ಸೆರಗಿನ ಹಾಸಿಗೂ ಒಂದೊಂದೇ ಎಳೆಗೆ ಕೊಂಡಿ ಹಾಕಿ, ತೋಪು ತೆನೆಯ ಸೆರಗು ನೇಯ್ದು ಕಳಿಸಿದ ಸೀರೆ ಅನಂತದ ನಡುವೆ ಇದ್ದೂ ಇಲ್ಲದಂತಾಗುತ್ತದೆ. ಇದರ ಬಗ್ಗೆ ಬಗ್ ಹಾಕುವವರು ಯಾರು? ಕಾಣದ್ದಕ್ಕೆ ಸ್ಕ್ರೀನ್‌ಶಾಟ್ ಇರುವುದಿಲ್ಲ.

ಈಗ ‘ಎಷ್ಟು ಬಿಟ್ಟು’ ಎಂದು ಕೇಳುವುದನ್ನು ನಿಲ್ಲಿಸಿ, ‘ನಾನು ಕೊನೆಗೆ ನೋಡಿದ ಸೀರೆ ಇದು, ಇದರ ನಂತರದ್ದು ಕೊಡು’ ಎಂದು ಕೇಳುತ್ತೇವೆ. ಇದನ್ನು ಕರ್ಸರ್ ಎನ್ನುತ್ತಾರೆ. ಮೇಲೆ ಎಷ್ಟೇ ಬರಲಿ ಹೋಗಲಿ, ಹಿಡಿದ ಜಾಗ ತಪ್ಪುವುದಿಲ್ಲ. ಡೇಟಾಬೇಸಿಗೂ ಇದು ಹಗುರ, ಬಿಡಬೇಕಾದ ಸಾಲುಗಳನ್ನು ಪ್ರತಿ ಸಲ ಓದಿ ಎಸೆಯಬೇಕಾಗಿಲ್ಲ. ಬ್ಯಾಕೆಂಡ್‌ನವರು ಇದನ್ನು ಖುಷಿಯಿಂದಲೇ ಮಾಡಿಕೊಟ್ಟರು ಎಂದು ದಾಖಲಿಸಬೇಕು. ಅವರೂ ಮನುಷ್ಯರೇ.

ನಂತರ ಅಂಗಡಿಯ ಫೋನ್ ನಂಬರ್. ಡಿಸೈನ್ ಪ್ರಕಾರ ಸೀರೆ ಬದಲಾಯಿಸಿಕೊಳ್ಳುವ ನಿಯಮಗಳು, ವಿಳಾಸ, ಸಾಹುಕಾರರ ನಂಬರ್ ಎಲ್ಲವೂ ಪುಟದ ಅಡಿಯಲ್ಲಿವೆ. ಅದೇ ಡಿಸೈನ್ ಪ್ರಕಾರ ಪುಟಕ್ಕೆ ಅಡಿಯೇ ಇಲ್ಲ. ಗಿರಾಕಿ ತಳಕ್ಕೆ ಬಂದಾಗ ಆ ನಂಬರಿನ ಮೊದಲ ನಾಲ್ಕು ಅಂಕಿ ಕಾಣುತ್ತದೆ, ಓದುವಷ್ಟರಲ್ಲಿ 24 ಸೀರೆ ಬಂದು ಅದನ್ನು ಕೆಳಕ್ಕೆ ತಳ್ಳುತ್ತವೆ. ಮತ್ತೆ ಇಳಿಯುತ್ತಾರೆ, ಮತ್ತೆ ನಾಲ್ಕು ಅಂಕಿ. ಹರಿದ ಸೀರೆ ಬಂದಿದೆಯೆಂದು ದೂರು ಕೊಡಲು ಹೊರಟವರು ದಾರಿಯಲ್ಲಿ ಇನ್ನೆರಡು ಸೀರೆ ಕೊಂಡುಬಿಡುತ್ತಾರೆಂಬುದು ತಮ್ಮ ದೂರದೃಷ್ಟಿ ಇರಬಹುದು. ಅಷ್ಟು ಆಳಕ್ಕೆ ನಾನು ಯೋಚಿಸಿರಲಿಲ್ಲ.

ಬಿಲ್ಡನ್ನು ಮೊದಲು ಕೈಗೆ ತೆಗೆದುಕೊಂಡ ನಿಜವಾದ ಗಿರಾಕಿ ನಮ್ಮ ಆಫೀಸಿನ ಹೌಸ್‌ಕೀಪಿಂಗ್ ಅಕ್ಕ. ಮಗಳ ಸೀಮಂತಕ್ಕೆ ಸೀರೆ ನೋಡುತ್ತಿದ್ದರು. ಪ್ಯಾಂಟ್ರಿಯಲ್ಲಿ ನನ್ನ ಟೆಸ್ಟ್ ಫೋನ್ ಕೊಟ್ಟೆ. ಒಂದು ಬದನೆಕಾಯಿ ಬಣ್ಣದ್ದು ಹಿಡಿಸಿತು. ಅದರ ಮೇಲೆ ಒತ್ತಿ, ಅಂಚನ್ನು ದೊಡ್ಡದು ಮಾಡಿ ನೋಡಿದರು. ‘ಇದೊಂದು ಇರಲಿ’ ಎಂದು ಹಿಂದಕ್ಕೆ ಬಂದರು. ಅಷ್ಟರಲ್ಲಿ ಫೋನ್ ತನ್ನ ಮೆಮೊರಿ ಉಳಿಸಿಕೊಳ್ಳಲು ಗ್ರಿಡ್ಡನ್ನು ಮಡಚಿಟ್ಟಿತ್ತು. ಪುಟ ತೆರೆದದ್ದು ಮೊದಲ ಸೀರೆಯಿಂದ. ‘ಸಾರ್, ಆ ಬದನೆಕಾಯಿ ಬಣ್ಣದ್ದು ಎಲ್ಲೋಯ್ತು?’ ಎಂದರು. ಕೆಳಗಿದೆ ಎಂದೆ. ‘ಎಷ್ಟು ಕೆಳಗೆ?’ ಪುಟಗಳಿದ್ದ ಕಾಲದಲ್ಲಿ ಇದಕ್ಕೆ ‘ನಾಲ್ಕನೇ ಪುಟ’ ಎಂಬ ಉತ್ತರವಿರುತ್ತಿತ್ತು. ಅವರು ಮತ್ತೆ ಇಳಿಯತೊಡಗಿದರು, ಸ್ವಲ್ಪ ಹೊತ್ತಾದ ಮೇಲೆ ಕೈ ನಿಲ್ಲಿಸಿ, ‘ಇದ್ರಲ್ಲಿ ಒಟ್ಟು ಎಷ್ಟು ಸೀರೆ ಇದಾವೆ ಸಾರ್?’ ಎಂದು ಕೇಳಿದರು.

ಸ್ವಾಮೀ, ನಮ್ಮ ಒಂದೇ ಒಂದು ರಿವ್ಯೂನಲ್ಲೂ ಯಾರೂ ಕೇಳದ ಪ್ರಶ್ನೆ ಅದು. ಇನ್ನೂ ಒಂದು ವಿಷಯವನ್ನು ತಮ್ಮ ಗಮನಕ್ಕೆ ತರಬೇಕು. ಸರ್ವರ್ ಪ್ರತಿ ಪುಟದ ಜೊತೆಗೂ ಒಟ್ಟು ಎಷ್ಟು ಸೀರೆ ಇವೆ ಎಂಬ ಸಂಖ್ಯೆಯನ್ನು ಕಳಿಸುತ್ತದೆ. ಪ್ರತಿ ಸಲವೂ ಕಳಿಸುತ್ತದೆ, ನಾವು ಪ್ರತಿ ಸಲವೂ ಎಸೆಯುತ್ತೇವೆ. ಡಿಸೈನ್‌ನಲ್ಲಿ ಅದಕ್ಕೆ ಜಾಗವಿಲ್ಲ.

ಹಿಂದಕ್ಕೆ ಬಂದಾಗ ಅದೇ ಸೀರೆಯ ಮುಂದೆ ನಿಲ್ಲಿಸುವುದನ್ನು ಈಗ ಮಾಡಿದ್ದೇನೆ: ಯಾವ ಸೀರೆ ಕಣ್ಣೆದುರಿತ್ತು ಎಂದು ಬರೆದಿಟ್ಟುಕೊಂಡು ಅಲ್ಲಿಂದಲೇ ಮೇಲಕ್ಕೂ ಕೆಳಕ್ಕೂ ತುಂಬುತ್ತೇವೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ತಿಂದದ್ದು ಇದೇ. ಡೆಮೊದಲ್ಲಿ ಇದನ್ನು ತೋರಿಸಲಾಗುವುದಿಲ್ಲ, ಏಕೆಂದರೆ ತೋರಿಸಲು ಏನೂ ಇಲ್ಲ; ಇದ್ದಲ್ಲೇ ಇರುತ್ತದೆ.

ನಮಗಿಂತ ಮೊದಲು ಈ ದಾರಿ ಹಿಡಿದವರೂ ಇದ್ದಾರೆ, ಅವರಿಗೆ ತಮ್ಮಂಥ ದಿಟ್ಟತನವಿರಲಿಲ್ಲ ಎನ್ನಬೇಕು. ಕೈಕಸುಬಿನ ವಸ್ತುಗಳನ್ನು ಮಾರುವ ಅಮೆರಿಕದ ಎಟ್ಸಿ 2012ರ ಹೊತ್ತಿಗೆ ತನ್ನ ಹುಡುಕಾಟದ ಪುಟಕ್ಕೆ ಇದನ್ನೇ ಅಳವಡಿಸಿ, ಕೆಲವರಿಗೆ ಹಳೆಯದು, ಕೆಲವರಿಗೆ ಹೊಸದು ತೋರಿಸಿ ಅಳೆದು ನೋಡಿತು. ಹೊಸದರಲ್ಲಿ ಜನ ಕಡಿಮೆ ವಸ್ತುಗಳ ಮೇಲೆ ಒತ್ತಿದರು, ಆ ಹುಡುಕಾಟದಿಂದ ಕೊಳ್ಳುವುದೂ ಕಡಿಮೆಯಾಯಿತು. ತೆಗೆದುಹಾಕಿದರು. ಗೂಗಲ್ ತನ್ನ ಹುಡುಕಾಟದ ಫಲಿತಾಂಶಗಳನ್ನು 2021ರಲ್ಲಿ ಮೊಬೈಲಿನಲ್ಲಿ, 2022ರ ಕೊನೆಗೆ ಕಂಪ್ಯೂಟರಿನಲ್ಲಿ ಹೀಗೆ ಹರಿಯಬಿಟ್ಟಿತು. 2024ರಲ್ಲಿ ಕೈಬಿಟ್ಟು ಕಂಪ್ಯೂಟರಿನಲ್ಲಿ ಹಳೆಯ ಪುಟಸಂಖ್ಯೆಗಳನ್ನೇ ತಂದಿತು. ತಮ್ಮ ಆದರ್ಶವಾದ ಇನ್‌ಸ್ಟಾಗ್ರಾಂ ಸಹ 2018ರಲ್ಲಿ, ಕಳೆದ ಎರಡು ದಿನಗಳ ಪೋಸ್ಟುಗಳನ್ನು ನೋಡಿ ಮುಗಿಸಿದಾಗ ‘ಎಲ್ಲವನ್ನೂ ನೋಡಿದ್ದೀರಿ’ ಎಂಬ ಗೆರೆಯೊಂದನ್ನು ಎಳೆಯತೊಡಗಿತು. ಗೆರೆಯ ಕೆಳಗೆ ಮತ್ತೆ ಸರಕು ಸಿಗುತ್ತದೆ, ಅದು ಬೇರೆ ಮಾತು.

ಕಾನೂನಿನ ಭಯವೂ ಬೇಡ. ಅಮೆರಿಕದ ಸೆನೆಟರ್ ಜಾಷ್ ಹಾಲಿ 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಇದನ್ನು ನಿಷೇಧಿಸುವ ಮಸೂದೆ ತಂದಿದ್ದರು, ಅದು ಕಾನೂನಾಗಲಿಲ್ಲ. ನಮ್ಮಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್‌ಗಳ ಕುರಿತು ಮಾರ್ಗಸೂಚಿ ಹೊರಡಿಸಿ 13 ಬಗೆಯ ಕಣ್ಕಟ್ಟುಗಳನ್ನು ಪಟ್ಟಿ ಮಾಡಿದೆ. ಗಿರಾಕಿಯ ಬುಟ್ಟಿಗೆ ಅವರಿಗೆ ಗೊತ್ತಿಲ್ಲದಂತೆ ಸಾಮಾನು ಸೇರಿಸುವುದು, ‘ಇನ್ನು ಎರಡೇ ಉಳಿದಿವೆ’ ಎಂದು ಸುಳ್ಳು ಅವಸರ ಹುಟ್ಟಿಸುವುದು, ಹೀಗೆ. ‘ಎರಡೇ ಉಳಿದಿವೆ’ ಎಂದು ಸುಳ್ಳು ಹೇಳಿದರೆ ತಪ್ಪು. ‘ಮುಗಿಯುವುದೇ ಇಲ್ಲ’ ಎಂದು ತೋರಿಸುವುದು ಆ ಹದಿಮೂರರಲ್ಲಿಲ್ಲ. ಇನ್ನು ಬೆರಳು ನಿಲ್ಲಿಸಲಾಗದವರಿಗೆ ನಮ್ಮ ಊರಿನಲ್ಲೇ ವ್ಯವಸ್ಥೆಯಿದೆ: ನಿಮ್ಹಾನ್ಸ್‌ನವರು 2014ರಲ್ಲೇ ಶಟ್ ಕ್ಲಿನಿಕ್ ತೆರೆದಿದ್ದಾರೆ. ಚಟ ಹಚ್ಚುವ ಆಫೀಸೂ ಬಿಡಿಸುವ ಆಸ್ಪತ್ರೆಯೂ ಒಂದೇ ಊರಿನಲ್ಲಿರುವುದು ಆಡಳಿತದ ದೃಷ್ಟಿಯಿಂದ ಅನುಕೂಲ.

ಈಗ ಉಳಿದದ್ದು ಒಂದೇ. 413ನೆಯ ಸೀರೆ ಬಂದಮೇಲೆ ಏನು? 413 ಬೆಸಸಂಖ್ಯೆ. ಎರಡು ಕಾಲಮಿನಲ್ಲಿ ಕೊನೆಯ ಸೀರೆ ಒಂಟಿಯಾಗಿ ಎಡಕ್ಕೆ ನಿಲ್ಲುತ್ತದೆ, ಬಲಗಡೆ ಖಾಲಿ. ಇದನ್ನು ಕಂಡು ತಾವು, ‘ಕೊನೆ ಬಂದ್ರೆ ಮೊದಲಿನಿಂದ ತೋರಿಸ್ಬಿಡಿ, ಯಾರಿಗೂ ಗೊತ್ತಾಗಲ್ಲ’ ಎಂದು ಅಪ್ಪಣೆ ಕೊಡಿಸಿದಿರಿ. ಅದನ್ನೂ ಮಾಡಿಟ್ಟಿದ್ದೇನೆ. ಅಂಗಡಿಯಲ್ಲಿ ಎಷ್ಟು ಸೀರೆ ಇವೆ ಎಂದು ಆಂಡ್ರಾಯ್ಡ್ ನಮ್ಮನ್ನು ಕೇಳುತ್ತದೆ. ಈ ಉಪಾಯದಲ್ಲಿ, ಆ ಉತ್ತರದ ಜಾಗದಲ್ಲಿ ಹಿಡಿಸಬಹುದಾದ ಅತಿ ದೊಡ್ಡ ಸಂಖ್ಯೆಯನ್ನೇ ಕೊಡುತ್ತೇವೆ: 214 ಕೋಟಿ 74 ಲಕ್ಷ 83 ಸಾವಿರದ 647. ಪಾಪ, ಅದು ನಂಬುತ್ತದೆ. ಆಮೇಲೆ ಯಾವ ಸ್ಥಾನ ಕೇಳಿದರೂ 413ರಿಂದ ಭಾಗಿಸಿ ಶೇಷ ನೋಡಿ ಆ ಸೀರೆ ತೋರಿಸುವುದು. ಲೆಕ್ಕ ಹಾಕಿದೆ: ಪ್ರತಿಯೊಂದು ಸೀರೆಯೂ 51 ಲಕ್ಷ 99 ಸಾವಿರದ 718 ಬಾರಿ ಬರುತ್ತದೆ, ಮೊದಲ 113 ಸೀರೆಗಳಿಗೆ ಮಾತ್ರ ಒಂದೊಂದು ಬಾರಿ ಹೆಚ್ಚು. ಆ ಪಕ್ಷಪಾತದ ಬಗ್ಗೆ ಉಳಿದ 300 ಸೀರೆಗಳ ನೇಕಾರರು ತಕರಾರು ತೆಗೆದರೆ ತಾವು ಮಾತಾಡಿ. ಇನ್ನೊಂದು, 413 ಬೆಸವಾದ್ದರಿಂದ ಮೊದಲ ಸುತ್ತಿನಲ್ಲಿ ಎಡಕ್ಕಿದ್ದ ಸೀರೆಗಳೆಲ್ಲ ಎರಡನೆಯ ಸುತ್ತಿನಲ್ಲಿ ಬಲಕ್ಕೆ ಬರುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ ಎಂದಿರಿ. ಹೌಸ್‌ಕೀಪಿಂಗ್ ಅಕ್ಕನಿಗೆ ಎರಡನೆಯ ಸುತ್ತಿನ ಆರನೆಯ ಸೀರೆಗೇ ಗೊತ್ತಾಯಿತು. ‘ಇದ್ನ ಆಗ್ಲೇ ನೋಡಿದ್ವಲ್ಲ’ ಎಂದು ಫೋನ್ ವಾಪಸು ಕೊಟ್ಟು ಲೋಟ ತೊಳೆಯಲು ಹೋದರು. ಆ ಬದನೆಕಾಯಿ ಬಣ್ಣದ್ದನ್ನು ಕೊಳ್ಳಲಿಲ್ಲ.

ಈ ವಿಷಯವನ್ನು ಬಾಗಲಕೋಟೆಯ ಸಾಹುಕಾರರಿಗೆ ಫೋನಿನಲ್ಲಿ ಹೇಳಿದೆ. ತಮ್ಮನ್ನು ದಾಟಿ ಕ್ಲೈಂಟ್ ಜೊತೆ ಮಾತಾಡಿದ್ದು ಪ್ರಕ್ರಿಯೆಗೆ ವಿರುದ್ಧ ಎಂದು ಬಲ್ಲೆ. ಅವರೇ ಪಾಸ್‌ವರ್ಡ್ ಮರೆತು ಕರೆ ಮಾಡಿದ್ದರು. ಅವರು ಹೇಳಿದ್ದನ್ನು ಇದ್ದ ಹಾಗೇ ಒಪ್ಪಿಸುತ್ತೇನೆ: ‘ಸರ, ಗಿರಾಕಿ ಮುಂದ ಸುಮ್ನ ಸೀರಿ ಬಿಚ್ಕೋತ ಹೋದ್ರ ಆಕೀ ಕುಂತ ನೋಡ್ತಾಳ, ತಗೊಳ್ಳಂಗಿಲ್ಲ. ಇಷ್ಟ ಅದಾವ್ರಿ ಅಕ್ಕಾರ ಅಂದಕೂಡ್ಲೇ ಅದರಾಗಿಂದ ಒಂದ ಕೈಯಾಗ ಹಿಡೀತಾಳ.’

ಆದುದರಿಂದ ತಮ್ಮಲ್ಲಿ ಕೋರುವುದೇನೆಂದರೆ, ಗ್ರಿಡ್ ಹರಿಯುವುದನ್ನು ನಾನು ನಿಲ್ಲಿಸುತ್ತಿಲ್ಲ. ತಿರುಗುವ ಸೈನಿಕರು ತಿರುಗಲಿ, ಕರ್ಸರ್ ತನ್ನ ಕೆಲಸ ಮಾಡಲಿ. ಮೇಲೆ ಒಂದು ಸಣ್ಣ ಪಟ್ಟಿಯಲ್ಲಿ ‘413ರಲ್ಲಿ 96’ ಎಂಬಂತೆ ಬರಲಿ. ಸಂಖ್ಯೆ ಸರ್ವರ್‌ನಿಂದ ಬಂದು ಬಿದ್ದೇ ಇದೆ. ಸುತ್ತು ಹಾಕಿಸುವ ಕೋಡನ್ನು ತೆಗೆಯಲು ಅನುಮತಿ ಬೇಕು. ಕೊನೆಯ ಸಾಲಿನಲ್ಲಿ ಒಂಟಿ ಸೀರೆಯ ಪಕ್ಕದ ಖಾಲಿ ಚೌಕಕ್ಕೆ ಏನು ಬರೆಯಲಿ ಎಂದು ಸಾಹುಕಾರರನ್ನೇ ಕೇಳಿದೆ. ‘ಇಷ್ಟ ಅದಾವ್ರಿ. ಬ್ಯಾರೆ ಬಣ್ಣ ಬೇಕಂದ್ರ ಫೋನ್ ಮಾಡ್ರಿ ಅಂತ ಹಾಕ್ರಿ, ಕೆಳಗ ನನ್ನ ನಂಬರ್ ಇರ್ಲಿ’ ಎಂದರು. ಈ ವಾಕ್ಯವನ್ನು ಕಾಪಿ ಟೀಮಿನವರು ಗ್ರಾಂಥಿಕಕ್ಕೆ ತಿದ್ದದಂತೆ ತಾವು ನೋಡಿಕೊಳ್ಳಬೇಕು. ಗುರುವಾರದ ರಿಲೀಸಿಗೆ ಸೇರಬೇಕಾದರೆ ಬುಧವಾರ ಸಂಜೆ ಐದರೊಳಗೆ ಒಪ್ಪಿಗೆ ಬರಬೇಕು. ಟಿಕೆಟ್ ನಾನೇ ತೆರೆದಿದ್ದೇನೆ, ತಮ್ಮ ಹೆಸರಿಗೆ ಹಾಕಿದ್ದೇನೆ. ನೋಟಿಫಿಕೇಶನ್‌ಗಳಲ್ಲಿ ಸ್ವಲ್ಪ ಕೆಳಗಿರಬಹುದು.

ಇತಿ ತಮ್ಮ ವಿಶ್ವಾಸಿ,
ಆಂಡ್ರಾಯ್ಡ್ ಕಡೆಯವನು